ಒಮ್ಮೆ ಕೇಳಿ ನೋಡ್ರೀ!

"ತುಂಬಾ ಚೆನ್ನಾಗಿದೆ ಕಣ್ರೀ, ಒಂದ್ಸಲ ಕೇಳಿ ನೋಡ್ರೀ!"

ಹೀಗೆಂದು ನಿಮಗೆ ಯಾರೂ ಹೇಳಿಯೇ ಇಲ್ಲವೆಂದರೆ ನಂಬುವುದು ಕಷ್ಟ. ಪಕ್ಕದ ಮನೆಯಾಕೆ ಹೇಳಿರುತ್ತಾರೆ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಹೇಳಿರುತ್ತಾಳೆ. ಹುಬ್ಬಳ್ಳಿ ಕಡೆಯಿಂದ ಬಂದ ಓರಗಿತ್ತಿ ಹೇಳಿರುತ್ತಾಳೆ. ಇಲ್ಲವೇ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು ಹೇಳಿರುತ್ತಾರೆ. ನಾವೂ ನಗುನಗುತ್ತಾ "ಆಯ್ತು, ಕೇಳ್ತೀನಿ" ಎನ್ನುತ್ತೇವೆ. ಅಲ್ಲಿಗೆ ಮುಗಿಯಿತು!

ಅದೇ ಜನ ಒಂದು ಹೊಸ ಗೊಜ್ಜು ಹೇಳಿಕೊಡಲಿ, ಅಂದು ಸಂಜೆಯೇ ನಮ್ಮ ಬಾಣಲೆ ಒಲೆಯ ಮೇಲಿರುತ್ತದೆ. ಒಳ್ಳೆಯ ಸೀರೆ ಅಂಗಡಿಯ ಹೆಸರು ಹೇಳಲಿ, ಚಿಂತಾಮಣಿಯಿಂದ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತೇವೆ. ಕೆಮ್ಮಿಗೆ ಕಷಾಯ, ಮೊಣಕಾಲು ನೋವಿಗೆ ಎಣ್ಣೆ, ಎಲ್ಲವನ್ನೂ ಪ್ರಯೋಗ ಮಾಡುತ್ತೇವೆ. ಹಾಡಿನ ಮಾತು ಬಂದಾಗ ಮಾತ್ರ ಏಕಿಷ್ಟು ಉದಾಸೀನ? "ಅಯ್ಯೋ, ನಮಗ್ಯಾಕಮ್ಮಾ ಸಂಗೀತ ಗಿಂಗೀತ! ಪುರುಸೊತ್ತು ಎಲ್ಲಿದೆ?" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ.

ಪುರುಸೊತ್ತಿನ ಕೊರತೆ ನಿಜವೇ. ಆದರೆ ಅದೊಂದೇ ಕಾರಣವಲ್ಲ. ನಮಗೆ ಪರಿಚಯವಿಲ್ಲದ ಹಾಡು ಎಂದರೆ ಸ್ವಲ್ಪ ಅಂಜಿಕೆ. "ನಮ್ಮ ಭಾಷೆಯಲ್ಲ", "ನಮ್ಮ ಕಡೆಯದಲ್ಲ", "ಅದೆಲ್ಲ ಕಲಿತವರಿಗೆ" ಎಂದು ನಾವೇ ಬಾಗಿಲು ಹಾಕಿಕೊಂಡುಬಿಡುತ್ತೇವೆ. ಆ ಬಾಗಿಲನ್ನು ಸ್ವಲ್ಪ ತೆರೆದು ನೋಡಿದರೆ ಏನು ಸಿಕ್ಕೀತು ಎಂಬುದೇ ಇಂದಿನ ಮಾತು.

*ನಿಮಗೆ ಯಾವ ಹಾಡು ಇಷ್ಟ?*

ಈ ಪ್ರಶ್ನೆಯನ್ನು ಗೃಹಿಣಿಯರನ್ನು ಕೇಳಿ ನೋಡಿ. ಬಹಳ ಮಂದಿ ತಡವರಿಸುತ್ತಾರೆ. "ನಮ್ಮನೆಯವರಿಗೆ ಹಳೇ ಸಿನಿಮಾ ಹಾಡು ಅಂದ್ರೆ ಪ್ರಾಣ", "ನಮ್ಮ ಮಾವನೋರಿಗೆ ಬೆಳಿಗ್ಗೆ ದೇವರನಾಮ ಬೇಕೇ ಬೇಕು", "ಮಕ್ಕಳಂತೂ ಯಾವಾಗ್ಲೂ ಅದೇ ಧಡಬಡ" ಎಂದು ಮನೆಯವರೆಲ್ಲರ ಇಷ್ಟಗಳೂ ಬಾಯಿಗೆ ಬರುತ್ತವೆ. "ನಿಮಗೆ?" ಎಂದು ಮತ್ತೆ ಕೇಳಿದರೆ, "ನನಗಾ? ಎಲ್ಲಾ ಕೇಳ್ತೀನಪ್ಪ" ಎಂಬ ಉತ್ತರ.

ಎಷ್ಟೋ ಮನೆಗಳಲ್ಲಿ ರೇಡಿಯೋದ ಗುಂಡಿ ತಿರುಗಿಸುತ್ತಿದ್ದವರು ಯಜಮಾನರು. ಟೇಪ್‌ರೆಕಾರ್ಡರ್ ಬಂದಾಗ ಅದು ಗಂಡುಮಕ್ಕಳ ಕೈಗೆ ಹೋಯಿತು. ಟಿ.ವಿ.ಯ ರಿಮೋಟಿನ ಕಥೆಯಂತೂ ಬೇಡ! ನಮ್ಮ ಕಿವಿಗೆ ಬಿದ್ದದ್ದೆಲ್ಲ ಬೇರೆಯವರು ಹಾಕಿದ ಹಾಡು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಡುಗೆಮನೆಯ ಹೊಗೆಯ ಹಾಗೆ ತಾನಾಗಿ ಬಂದು ಕಿವಿಗೆ ತಾಕುವ ಹಾಡು ಬೇರೆ, ಒಬ್ಬರು ನಮ್ಮನ್ನು ನೆನೆಸಿಕೊಂಡು "ಇದು ನಿಮಗೆ ಹಿಡಿಸುತ್ತೆ" ಎಂದು ಹೇಳುವ ಹಾಡು ಬೇರೆ. ಎರಡನೆಯದರಲ್ಲಿ ನಮಗೂ ಒಂದು ಇಷ್ಟಾನಿಷ್ಟ ಉಂಟು ಎಂಬ ಗೌರವವಿದೆ. ಅದನ್ನು ಕೇಳದೆ ಬಿಟ್ಟರೆ ನಷ್ಟ ಹಾಡಿಗಲ್ಲ, ನಮಗೆ.

*ಯಾರೋ ಕೇಳಿಸಿದ ಹಾಡು*

ಸಂಗೀತ ಬಹುಪಾಲು ಹರಡಿದ್ದು ಹೀಗೆಯೇ, ಒಬ್ಬರು ಇನ್ನೊಬ್ಬರಿಗೆ ಕೇಳಿಸಿ. ಮನೆಯಿಂದ ಹೊರಗೆ ಹೋಗಿ ಕಚೇರಿ ಕೇಳುವುದು ಮರ್ಯಾದಸ್ಥ ಹೆಂಗಸರಿಗೆ ಸಲ್ಲದು ಎನ್ನುತ್ತಿದ್ದ ಕಾಲದಲ್ಲಿ ಮನೆಯೊಳಕ್ಕೆ ಸಂಗೀತವನ್ನು ತಂದದ್ದು ಗ್ರಾಮಾಫೋನ್. ನಮ್ಮ ದೇಶದಲ್ಲಿ ಮೊದಮೊದಲು ಹಾಡಿ ಪ್ಲೇಟು ಮಾಡಿಸಿದವರಲ್ಲಿ ಒಬ್ಬ ಹೆಂಗಸೇ ಪ್ರಸಿದ್ಧಳು ಎಂಬುದು ನಿಮಗೆ ಗೊತ್ತೇ? ಆಕೆ ಗೌಹರ್ ಜಾನ್. 1902ರಲ್ಲಿ ಕಲ್ಕತ್ತದಲ್ಲಿ ಆಕೆಯ ಹಾಡುಗಳ ಧ್ವನಿಮುದ್ರಣವಾಯಿತು. ಒಂದು ಬದಿಗೆ ಸುಮಾರು ಮೂರೇ ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಆಕೆ ಆ ಮೂರು ನಿಮಿಷಕ್ಕೆ ಹೊಂದಿಸಿ, ಕೊನೆಯಲ್ಲಿ ತನ್ನ ಹೆಸರನ್ನೂ ಕೂಗಿ ಹೇಳುತ್ತಿದ್ದಳು! ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದ ಆಕೆ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.

ಇನ್ನೊಂದು ಸಂಗತಿ ಕೇಳಿ. ಗದಗ ಸೀಮೆಯ ಒಬ್ಬ ಹುಡುಗ ಚಿಕ್ಕಂದಿನಲ್ಲಿ ಅಬ್ದುಲ್ ಕರೀಂ ಖಾನರು ಹಾಡಿದ್ದ ಒಂದು ಠುಮ್ರಿಯ ಪ್ಲೇಟು ಕೇಳಿದ. ಮನೆಮಾತು ಕನ್ನಡ, ಹಾಡಿನದು ಹಿಂದೂಸ್ತಾನಿ. ಆದರೂ ಹಾಗೆ ಹಾಡುವುದನ್ನು ಕಲಿಯಲೇಬೇಕೆಂಬ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದರ ಎಳೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತಾ ಮನೆ ಬಿಟ್ಟು ಹೊರಟ. ಆ ಹುಡುಗನೇ ಮುಂದೆ ಭಾರತರತ್ನ ಪಡೆದ ಪಂಡಿತ ಭೀಮಸೇನ ಜೋಶಿ. ಅವರು ಹಾಡಿದ ಪುರಂದರದಾಸರ ಪದಗಳು ಇಂದು ನಮ್ಮೆಲ್ಲರ ಮನೆಯಲ್ಲಿವೆ. ಒಂದು ಅಪರಿಚಿತ ಪ್ಲೇಟಿನಿಂದ ಎಂಥ ಉಪಕಾರವಾಯಿತು ನೋಡಿ!

ದಾಸರ ಪದಗಳ ಮಾತು ಬಂದದ್ದರಿಂದ ಎಂ.ಎಲ್. ವಸಂತಕುಮಾರಿಯವರನ್ನೂ ನೆನೆಯಬೇಕು. ಮದರಾಸಿನ ಸಭೆಗಳಲ್ಲಿ ಕನ್ನಡದ ದೇವರನಾಮಗಳನ್ನು ಹಾಡಿ ಜನಪ್ರಿಯ ಮಾಡಿದವರು ಅವರು. ಅವರಿಗೆ ಆ ಪದಗಳು ಬಂದದ್ದು ತಾಯಿ ಲಲಿತಾಂಗಿಯವರಿಂದ. ತಾಯಿ ಮಗಳಿಗೆ "ಇದನ್ನು ಕೇಳು, ಇದು ಚೆನ್ನಾಗಿದೆ" ಎಂದು ಕೊಟ್ಟದ್ದು ನಾಡಿಗೆಲ್ಲ ಹಬ್ಬಿತು.

ನಮ್ಮ ಊರುಗಳಿಗೆ ಹತ್ತಿರದ ಉದಾಹರಣೆ ಬೇಕೆಂದರೆ ಬೆಂಗಳೂರಿನ ದಾರಿಯಲ್ಲಿ ಸಿಗುವ ದೇವನಹಳ್ಳಿಗೇ ಬನ್ನಿ. ಅಲ್ಲಿ 1936ರಲ್ಲಿ ಹುಟ್ಟಿದವರು ಕವಿ ಕೆ.ಎಸ್. ನಿಸಾರ್ ಅಹಮದ್. ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದರು. 1978ರಲ್ಲಿ ಹೊರಬಂದ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಹೆಸರಾಯಿತು. ಅಲ್ಲಿಯತನಕ ಕವಿತೆ ಎಂದರೆ ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡುವ ವಸ್ತು. ಸಿನಿಮಾದ ಹಾಡಲ್ಲ, ದೇವರನಾಮವೂ ಅಲ್ಲ, ಇದೇನಿದು ಹೊಸದು ಎಂದು ಹುಬ್ಬೇರಿಸಬೇಕಾದ ಸಂಗತಿ. ಆದರೂ ಒಬ್ಬರಿಂದೊಬ್ಬರಿಗೆ ಕ್ಯಾಸೆಟ್ಟು ಕೈ ಬದಲಾಯಿತು. ಆಮೇಲೆ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್ ಮುಂತಾದವರ ದನಿಗಳು ಮನೆಮನೆಗೂ ಬಂದವು. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' ಪುಸ್ತಕವಾಗಿ ಬಂದದ್ದು 1942ರಲ್ಲಿ. ಆ ಪುಸ್ತಕವನ್ನು ಕೈಯಲ್ಲಿ ಹಿಡಿದೇ ಇರದ ಎಷ್ಟೋ ಹೆಂಗಸರು ಅದರ ಹಾಡುಗಳನ್ನು ಕ್ಯಾಸೆಟ್ಟಿನಿಂದ ಕಲಿತು, ಸೀಮಂತದಲ್ಲಿ, ಆರತಿಯಲ್ಲಿ ಹಾಡಿದರು. ಈಗ ಅದು ಅವರದೇ ಹಾಡು!

*ನಮ್ಮ ಸೀಮೆಯ ಕಿವಿ ಚಿಕ್ಕದಲ್ಲ*

"ಭಾಷೆ ತಿಳಿಯೋಲ್ಲ" ಎಂಬ ನೆಪವನ್ನು ಬೇರೆ ಯಾರಾದರೂ ಹೇಳಿದರೆ ಒಪ್ಪಬಹುದೇನೋ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಾವು ಹಾಗೆನ್ನುವಂತಿಲ್ಲ. ನಮ್ಮಲ್ಲಿ ಬೀದಿಯಲ್ಲಿ ಕನ್ನಡ, ಹಟ್ಟಿಯಲ್ಲಿ ತೆಲುಗು, ಪಕ್ಕದ ಮನೆಯಲ್ಲಿ ಉರ್ದು. ಸಂತೆಯಲ್ಲಿ ಟೊಮೆಟೊ ಚೌಕಾಸಿ ಮಾಡುವಾಗ ಒಂದೇ ವಾಕ್ಯದಲ್ಲಿ ಎರಡು ಭಾಷೆ ಬಂದುಹೋಗುತ್ತದೆ!

ಚಿಂತಾಮಣಿ ತಾಲ್ಲೂಕಿನ ಕೈವಾರವನ್ನೇ ನೋಡಿ. ತಾತಯ್ಯನವರೆಂದು ನಾವೆಲ್ಲ ಕರೆಯುವ ಯೋಗಿ ನಾರೇಯಣರು 1726ರಲ್ಲಿ ಹುಟ್ಟಿ 1836ರವರೆಗೆ ಬಾಳಿದರೆಂದು ಪ್ರತೀತಿ. ಬಳೆ ಮಾರಿ ಜೀವನ ಮಾಡಿದವರು. ಅವರ ತತ್ತ್ವಪದಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಕೈವಾರದಲ್ಲಿ ಸೇರುವ ಜನ "ಇದು ತೆಲುಗು, ಇದು ಕನ್ನಡ" ಎಂದು ಬೇರೆ ಬೇರೆ ಮಾಡಿ ಕೇಳುವುದಿಲ್ಲ. ಎರಡಕ್ಕೂ ತಾಳ ಹಾಕುತ್ತಾರೆ.

ಅದೇ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಎಲ್ಲ ಮತದವರೂ ಹರಕೆ ಹೊತ್ತು ಹೋಗುತ್ತಾರೆ. ಅಲ್ಲಿಗೆ ಹೋಗಿಬಂದ ನೆರೆಯಾಕೆ ಒಂದು ಖವ್ವಾಲಿ ಕೇಳಿ ನೋಡಿ ಎಂದರೆ, "ಅದು ನಮ್ಮದಲ್ಲ" ಎನ್ನುವುದಕ್ಕೆ ಮುಂಚೆ ಒಂದು ನಿಮಿಷ ತಡೆಯಿರಿ. ಅಬ್ದುಲ್ ಕರೀಂ ಖಾನರು ಉತ್ತರಾದಿಯವರಾದರೂ ನಮ್ಮ ತ್ಯಾಗರಾಜರ ಕೃತಿಯನ್ನು ಹಾಡಿ ಪ್ಲೇಟು ಕೊಟ್ಟಿದ್ದಾರೆ. ಶಿಶುನಾಳ ಷರೀಫರ ಪದಗಳನ್ನು ಭಜನೆ ಮಂಡಲಿಗಳಲ್ಲಿ ನಾವೇ ಹಾಡುತ್ತೇವೆ. ಹಾಡಿನ ಲೋಕದಲ್ಲಿ ಹೀಗೆ ಕೊಟ್ಟು ತಂದು ಮಾಡುವುದು ಹಿಂದಿನಿಂದಲೂ ನಡೆದುಬಂದಿದೆ.

ಇನ್ನು ಅರ್ಥದ ಮಾತು. ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ್ವರ ಸುಪ್ರಭಾತದ ರೆಕಾರ್ಡು ಬಂದದ್ದು 1963ರಲ್ಲಿ. ತಿರುಪತಿಗೆ ಹತ್ತಿರದವರಾದ ನಮ್ಮ ಕಡೆ ಅದನ್ನು ಕೇಳದ ಮನೆ ಯಾವುದಿದೆ? ಅದರ ಸಂಸ್ಕೃತ ಶ್ಲೋಕಗಳ ಅರ್ಥ ಎಲ್ಲವೂ ನಮಗೆ ತಿಳಿದಿದೆಯೇ? ಇಲ್ಲ. ಆದರೂ ಆ ದನಿ ಕೇಳಿದರೆ ಬಾಗಿಲಿಗೆ ನೀರು ಹಾಕುವ ಕೈಗೆ ಒಂದು ಹುರುಪು ಬರುತ್ತದೆ. ಹಾಗಿದ್ದ ಮೇಲೆ ಉಳಿದ ಹಾಡುಗಳ ವಿಷಯದಲ್ಲಿ ಮಾತ್ರ ಅರ್ಥ ಅಡ್ಡ ಬರಬೇಕೇ?

*ಮೊದಲ ಸಲ ಏಕೆ ಹಿಡಿಸುವುದಿಲ್ಲ?*

ಪರಿಚಯವಿಲ್ಲದ ಹಾಡು ಮೊದಲ ಸಲಕ್ಕೆ ಹಿಡಿಸದಿದ್ದರೆ ಅದು ನಿಮ್ಮ ದೋಷವೂ ಅಲ್ಲ, ಹಾಡಿನ ದೋಷವೂ ಅಲ್ಲ. ಹಾಡು ಕೇಳುವಾಗ ನಮಗೆ ಗೊತ್ತಿಲ್ಲದೆಯೇ ಮನಸ್ಸು ಮುಂದಿನ ಸ್ವರ ಯಾವುದೆಂದು ಊಹಿಸುತ್ತಾ ಹೋಗುತ್ತದೆ. ಊಹೆ ಸರಿಹೋದರೆ ಹಿತ. ಗೊತ್ತಿಲ್ಲದ ದಾಟಿಯಲ್ಲಿ ಊಹೆಗಳೆಲ್ಲ ತಪ್ಪುತ್ತವೆ, ಮನಸ್ಸು ದಣಿಯುತ್ತದೆ. ಎರಡನೆಯ, ಮೂರನೆಯ ಸಲಕ್ಕೆ ದಾರಿ ಪರಿಚಯವಾಗುತ್ತದೆ. ಹೊಸದಾಗಿ ಮದುವೆಯಾಗಿ ಬಂದ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ, ಸಾಸಿವೆ ಎಲ್ಲಿದೆ ಎಂದು ಹುಡುಕಾಡುವುದಿಲ್ಲವೇ? ವಾರ ಕಳೆದರೆ ಕತ್ತಲೆಯಲ್ಲೂ ಕೈ ಅಲ್ಲಿಗೇ ಹೋಗುತ್ತದೆ. ಇದೂ ಹಾಗೆಯೇ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಾನ್ಸ್ 1968ರಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಜನರಿಗೆ ಗೊತ್ತಿಲ್ಲದ ಪದಗಳನ್ನು, ಲಿಪಿಗಳನ್ನು, ಮುಖಗಳನ್ನು ಮತ್ತೆ ಮತ್ತೆ ತೋರಿಸಿದಾಗ, ಹೆಚ್ಚು ಸಲ ಕಂಡದ್ದರ ಮೇಲೇ ಒಲವು ಹೆಚ್ಚಾಯಿತು. ಬೇರೇನೂ ಕಾರಣ ಬೇಕಾಗಲಿಲ್ಲ, ಪರಿಚಯವೇ ಸಾಕಾಯಿತು. ಹಾಗೆಂದು ಒಂದೇ ಹಾಡನ್ನು ದಿನಕ್ಕೆ ಇಪ್ಪತ್ತು ಸಲ ಹಾಕಿದರೆ ತಲೆನೋವು ಬರುತ್ತದೆಯೇ ಹೊರತು ಒಲವು ಬರುವುದಿಲ್ಲ!

ಇದಕ್ಕೊಂದು ಒಳ್ಳೆಯ ದೃಷ್ಟಾಂತ ಗಂಗೂಬಾಯಿ ಹಾನಗಲ್ (1913–2009). ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಈ ಮಹಾತಾಯಿಯ ಹಾಡನ್ನು ಮೊದಲ ಸಲ ಕೇಳಿದವರು "ಇದು ಗಂಡಸಿನ ದನಿಯಲ್ಲವೇ?" ಎನ್ನುತ್ತಾರೆ. ಎಳವೆಯಲ್ಲಿ ಅವರದು ತೆಳುವಾದ ದನಿಯೇ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅದು ಗಡುಸಾಯಿತು. ಬೇರೆ ಯಾರಾದರೂ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಆ ದನಿಯಲ್ಲೇ ಹಾಡಿ ದೇಶದ ದೊಡ್ಡ ಗಾಯಕಿಯಾದರು. ಇಷ್ಟು ತಿಳಿದುಕೊಂಡು ಕೇಳಿ ನೋಡಿ, ಅದೇ ದನಿ ಬೇರೆಯಾಗಿ ಕೇಳುತ್ತದೆ. ಅವರ ಆತ್ಮಕಥೆ 'ನನ್ನ ಬದುಕಿನ ಹಾಡು' ಕನ್ನಡದಲ್ಲೇ ಇದೆ. ಗ್ರಂಥಾಲಯದಲ್ಲಿ ಸಿಕ್ಕರೆ ಓದಿ.

ಹಿಂದೂಸ್ತಾನಿ ಖಯಾಲು ಕೇಳಿ "ಎಷ್ಟು ಹೊತ್ತು ಎಳೀತಾರಪ್ಪ!" ಎಂದು ಬಂದ್ ಮಾಡುವವರಿಗೆ ಒಂದು ಮಾತು. ಖಯಾಲಿನಲ್ಲಿ ಮೊದಲು ವಿಲಂಬಿತ, ಅಂದರೆ ನಿಧಾನದ ಭಾಗ. ತಾಳದ ಒಂದು ಸುತ್ತು ಮುಗಿಯುವುದಕ್ಕೇ ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. ಕೊನೆಗೆ ಬರುವುದು ಧೃತ್, ಅಂದರೆ ವೇಗದ ಭಾಗ. ಮೊದಲ ಸಲ ಕೇಳುವವರು ಕೊನೆಯಿಂದ ಶುರು ಮಾಡಿದರೂ ಅಡ್ಡಿಯಿಲ್ಲ! ವೇಗದ ಭಾಗ ಕಿವಿಗೆ ಹತ್ತಿದ ಮೇಲೆ ನಿಧಾನದ ಭಾಗಕ್ಕೆ ಬನ್ನಿ.

ಚಿಕ್ಕಂದಿನಲ್ಲಿ ಸರಳೆ ವರಸೆ, ನಾಲ್ಕು ಗೀತೆ ಕಲಿತು ಬಿಟ್ಟವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು. ಆ ಕಲಿಕೆ ವ್ಯರ್ಥವಾಗಿಲ್ಲ. ನಮ್ಮ ಮೋಹನವೇ ಅವರ ಭೂಪ್, ನಮ್ಮ ಹಿಂದೋಳವೇ ಅವರ ಮಾಲಕಂಸ್, ನಮ್ಮ ಕಲ್ಯಾಣಿಗೆ ಹತ್ತಿರದ್ದು ಅವರ ಯಮನ್. ಗೊತ್ತಿರುವ ರಾಗದ ಕೈ ಹಿಡಿದುಕೊಂಡು ಗೊತ್ತಿಲ್ಲದ ಮನೆಗೆ ಹೋಗಬಹುದು. ಮಾತೇ ಬೇಡವೆನ್ನುವವರಿಗೆ ವಾದ್ಯಸಂಗೀತವಿದೆ. ಮೈಸೂರು ವಿ. ದೊರೆಸ್ವಾಮಿ ಅಯ್ಯಂಗಾರರ ವೀಣೆ, ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲು, ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್, ಇವಕ್ಕೆ ಯಾವ ಭಾಷೆಯ ಹಂಗೂ ಇಲ್ಲ.

*ಕೆಲಸ ಕೆಡದಂತೆ ಕೇಳುವುದು ಹೇಗೆ?*

ಹಿಂದೆ ಕ್ಯಾಸೆಟ್ಟಿಗೆ ಎರಡು ಬದಿ. ಅರವತ್ತು ನಿಮಿಷದ ಕ್ಯಾಸೆಟ್ಟಾದರೆ ಬದಿಗೆ ಅರ್ಧ ಗಂಟೆ. ಒಂದು ಬದಿ ಮುಗಿಯುವ ಹೊತ್ತಿಗೆ ಒಂದು ಹೊತ್ತಿನ ಚಪಾತಿ ಲಟ್ಟಿಸಿ ಆಗುತ್ತಿತ್ತು! ಈಗ ಎಲ್ಲವೂ ಫೋನಿನಲ್ಲೇ ಇದೆ. ಆಕಾಶವಾಣಿಯೂ ಇದೆ, ಯೂಟ್ಯೂಬ್‌ನಲ್ಲಿ ಹಳೆಯ ಪ್ಲೇಟುಗಳ ಹಾಡುಗಳೂ ಸಿಗುತ್ತವೆ. ಸೌಕರ್ಯ ಹೆಚ್ಚಿದೆ, ತಾಳ್ಮೆ ಕಡಿಮೆಯಾಗಿದೆ. ಅದಕ್ಕೇ ಈ ಕೆಲವು ಸೂಚನೆಗಳು:

1. ಕೆಲಸಕ್ಕೆ ತಕ್ಕ ಹಾಡು ಆರಿಸಿ. ಕೈಗೆ ಕೆಲಸವಿದ್ದು ತಲೆಗೆ ಬಿಡುವಿರುವ ಹೊತ್ತು ಅತ್ಯುತ್ತಮ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿದುಕುವುದಕ್ಕೆ ಕುಳಿತರೆ ಒಂದು ಗಂಟೆಯಂತೂ ಏಳುವ ಹಾಗಿಲ್ಲ. ಇಡೀ ಧ್ವನಿಸುರುಳಿ ಕೇಳಿ ಮುಗಿಸಬಹುದು. ಹೂ ಕಟ್ಟುವಾಗ, ಸೊಪ್ಪು ಸೋಸುವಾಗ, ಬಟ್ಟೆ ಮಡಿಸುವಾಗಲೂ ಆದೀತು. ಮಕ್ಕಳ ಟಿಫನ್ ಕಟ್ಟುವ ಬೆಳಗಿನ ಗಡಿಬಿಡಿ, ಒಗ್ಗರಣೆ ಸೀಯುವ ಹೊತ್ತು, ಇವು ಬೇಡ. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಯಂತ್ರದ ಸದ್ದಿನ ನಡುವೆ ಹೊಸ ಹಾಡು ಕಿವಿಗೆ ಹತ್ತದು. ಹುಳುವಿಗೆ ಸೊಪ್ಪು ಹಾಕುವ ಶಾಂತವಾದ ಹೊತ್ತು ನೋಡಿಕೊಳ್ಳಿ.

2. ಒಂದು ಧ್ವನಿಸುರುಳಿಗೆ ಮೂರು ಅವಕಾಶ ಕೊಡಿ. ಮೊದಲ ಸಲ ಸುಮ್ಮನೆ ಕಿವಿಗೆ ಬೀಳಲಿ. ಎರಡು ದಿನ ಬಿಟ್ಟು ಎರಡನೆಯ ಸಲ, ಗಮನ ಕೊಟ್ಟು. ವಾರ ಕಳೆದು ಮೂರನೆಯ ಸಲ. ಅಷ್ಟರಲ್ಲಿ ಯಾವುದಾದರೂ ಒಂದು ಸಾಲು ಪಾತ್ರೆ ತೊಳೆಯುವಾಗ ತಾನಾಗಿ ಬಾಯಿಗೆ ಬಂದರೆ ಹಾಡು ನಿಮ್ಮ ಮನೆಗೆ ಬಂತೆಂದು ತಿಳಿಯಿರಿ.

3. ಸಾಧ್ಯವಾದರೆ ಅವರು ಜೋಡಿಸಿದ ಕ್ರಮದಲ್ಲೇ ಕೇಳಿ. ಎಲೆಗೆ ಬಡಿಸುವುದಕ್ಕೆ ಒಂದು ಕ್ರಮವಿಲ್ಲವೇ? ಧ್ವನಿಸುರುಳಿ ಮಾಡಿದವರೂ ಯಾವುದರ ನಂತರ ಯಾವುದು ಎಂದು ಯೋಚಿಸಿರುತ್ತಾರೆ. ಅರ್ಧ ಹಾಡು ಕೇಳಿ ಮುಂದಿನದಕ್ಕೆ ಹಾರಿದರೆ ಪಾಯಸದ ನಂತರ ಕೋಸಂಬರಿ ತಿಂದ ಹಾಗೆ.

4. ಹೇಳಿದವರನ್ನು ಒಂದು ಪ್ರಶ್ನೆ ಕೇಳಿ: "ಇದರಲ್ಲಿ ನಿಮಗೆ ಯಾವ ಜಾಗ ಇಷ್ಟ?" ಅವರು ಹೇಳುವ ಒಂದು ಮಾತು ನೂರು ವಿಮರ್ಶೆಗೆ ಸಮ. "ಎರಡನೇ ಹಾಡಿನಲ್ಲಿ ಕೊಳಲು ಬರುತ್ತಲ್ಲ, ಅಲ್ಲಿ" ಎಂದು ಅವರು ಹೇಳಿದರೆ ನೀವು ಆ ಕೊಳಲಿಗಾಗಿ ಕಾಯುತ್ತೀರಿ. ಕಾಯುವುದೇ ಕೇಳುವುದರ ಮೊದಲ ಪಾಠ.

5. ಮನೆಯ ಲೆಕ್ಕದ ಪುಸ್ತಕದ ಕೊನೆಯಲ್ಲಿ ಎರಡು ಹಾಳೆ ಹಾಡಿಗೆಂದು ಇಟ್ಟುಕೊಳ್ಳಿ. ಯಾವ ಹಾಡು, ಹಾಡಿದವರು ಯಾರು, ಹೇಳಿದವರು ಯಾರು, ಹಿಡಿಸಿತೇ ಇಲ್ಲವೇ. ಅಷ್ಟೇ ಸಾಕು. ವರ್ಷ ಕಳೆದು ತೆಗೆದು ನೋಡಿದರೆ "ನಿಮಗೆ ಯಾವ ಹಾಡು ಇಷ್ಟ?" ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕೈಬರಹದಲ್ಲೇ ಇರುತ್ತದೆ.

*ಕೊನೆಗೂ ಹಿಡಿಸದಿದ್ದರೆ?*

ಹಿಡಿಸದಿರುವ ಹಕ್ಕು ನಿಮಗಿದೆ. ಮೂರು ಸಲ ಕೇಳಿಯೂ ಮನಸ್ಸು ಒಲಿಯಲಿಲ್ಲವೇ, ಬಿಡಿ. ಆದರೆ ಕೇಳದೆಯೇ "ತುಂಬಾ ಚೆನ್ನಾಗಿತ್ತು" ಎಂದು ಸುಳ್ಳು ಹೇಳಬೇಡಿ. ಹೇಳಿದವರು ಮರುದಿನ ಅಂಥದ್ದೇ ಇನ್ನು ನಾಲ್ಕು ತಂದರೆ ಫಜೀತಿ! ಮುಖ ಮುರಿದ ಹಾಗೂ ಹೇಳಬೇಡಿ. "ಹಾಡು ನನಗೆ ಅಷ್ಟಾಗಿ ಹತ್ತಲಿಲ್ಲ ಕಣ್ರೀ, ಆದ್ರೆ ಆಕೆ ದನಿ ಚೆನ್ನಾಗಿದೆ" ಎಂದರೆ ಸತ್ಯವೂ ಉಳಿಯಿತು, ಸ್ನೇಹವೂ ಉಳಿಯಿತು. ಅವರಿಗೂ ನಿಮ್ಮ ರುಚಿ ಯಾವುದೆಂದು ತಿಳಿಯಿತು. ಮುಂದಿನ ಸಲ ಅವರು ಹೇಳುವುದು ನಿಮಗೆ ಇನ್ನಷ್ಟು ಹತ್ತಿರದ್ದಾಗಿರುತ್ತದೆ.

ನೀವು ಬೇರೆಯವರಿಗೆ ಹೇಳುವಾಗಲೂ ಸ್ವಲ್ಪ ನಾಜೂಕು ಬೇಕು. ಒಂದೇ ಸಲ ಹತ್ತು ಹಾಡು ಕಳಿಸಿದರೆ ಯಾರೂ ಒಂದನ್ನೂ ಕೇಳುವುದಿಲ್ಲ. ಒಂದನ್ನು ಕಳಿಸಿ, ಏಕೆಂದು ಒಂದು ಮಾತು ಬರೆಯಿರಿ. "ನಿಮ್ಮಮ್ಮ ಹಾಡ್ತಿದ್ದ ರಾಗ ಇದೇ ಅಲ್ವಾ ಅಂತ ನೆನಪಾಯ್ತು" ಎಂದರೆ ಕೇಳದೆ ಬಿಡಲು ಯಾರಿಗೆ ಮನಸ್ಸು ಬಂದೀತು? ಕಳಿಸಿದ ಮೇಲೆ "ಕೇಳಿದ್ರಾ? ಕೇಳಿದ್ರಾ?" ಎಂದು ದಿನವೂ ಪೀಡಿಸಬೇಡಿ. ಸಾಲ ವಸೂಲಿಯಲ್ಲವಲ್ಲ!

*ಮಗಳು ಕಳಿಸಿದ ಹಾಡು, ಅತ್ತೆ ಹಾಡಿದ ಹಾಡು*

ಈಗ ಸ್ವಲ್ಪ ಗಂಭೀರವಾದ ಮಾತು. ದೂರದ ಊರಿನಲ್ಲಿ ಓದುವ, ದುಡಿಯುವ ಮಕ್ಕಳು ನಮಗೆ ಹಾಡು ಕಳಿಸುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದು ಬೀಳುತ್ತದೆ. ಇಂಗ್ಲಿಷೋ, ಹಿಂದಿಯೋ, ಕೊರಿಯಾ ದೇಶದ್ದೋ! ನಾವು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತೇವೆ. ಮಗಳು ಎರಡು ಸಲ ಕಳಿಸುತ್ತಾಳೆ, ಮೂರು ಸಲ ಕಳಿಸುತ್ತಾಳೆ. ನಾಲ್ಕನೆಯ ಸಲ ಕಳಿಸುವುದಿಲ್ಲ. ಆಮೇಲೆ ಫೋನಿನಲ್ಲಿ "ಊಟ ಆಯ್ತಾ?", "ಹೂಂ, ಆಯ್ತು" ಇಷ್ಟಕ್ಕೇ ಮಾತು ನಿಲ್ಲುತ್ತದೆ. "ಮಕ್ಕಳು ಏನೂ ಹೇಳಿಕೊಳ್ಳುವುದೇ ಇಲ್ಲ" ಎಂದು ನಾವು ಕೊರಗುತ್ತೇವೆ.

ಹರೆಯದ ಮಕ್ಕಳು ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುವುದಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಕುಳಿತಾಗ ಯಾವ ಹಾಡು ಅವಳ ಮನಸ್ಸಿಗೆ ತಾಕಿತೋ ಅದನ್ನು ಅಮ್ಮನಿಗೆ ಕಳಿಸುತ್ತಾಳೆ. ಹಾಡು ನಿಮಗೆ ಹಿಡಿಸಲೇಬೇಕೆಂದಿಲ್ಲ. ಪೂರ್ತಿ ಕೇಳಿ, "ಈ ಹಾಡು ಕೇಳಿದ್ರೆ ಯಾಕೋ ಬೇಜಾರು ಅನ್ಸುತ್ತಲ್ಲೇ, ನಿನಗೆ ಯಾಕೆ ಇಷ್ಟ?" ಎಂದು ಒಂದು ಮಾತು ಕೇಳಿ ನೋಡಿ. ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಸಂಕಟವಿದ್ದರೆ ಅದೂ ಹೊರಬರುತ್ತದೆ.

ಇದೇ ಮಾತು ಹಿರಿಯರಿಗೂ ಸಲ್ಲುತ್ತದೆ. ಮನೆಯಲ್ಲಿ ಅತ್ತೆಯೋ, ಅಜ್ಜಿಯೋ ಇದ್ದರೆ ಅವರ ಬಾಯಲ್ಲಿ ಸೋಬಾನೆ ಪದ, ಹಸೆಗೆ ಕರೆಯುವ ಹಾಡು, ಲಾಲಿ, ಬೀಸುವ ಕಲ್ಲಿನ ಪದ, ಕನ್ನಡದಲ್ಲೋ ತೆಲುಗಿನಲ್ಲೋ ಇರುತ್ತವೆ. ಯಾವ ಕಂಪೆನಿಯೂ ಅವನ್ನು ಕ್ಯಾಸೆಟ್ಟು ಮಾಡಿಲ್ಲ, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. "ನಮ್ಮ ಕಾಲದಲ್ಲಿ ಒಂದು ಹಾಡಿತ್ತಮ್ಮ" ಎಂದು ಅವರು ಶುರು ಮಾಡಿದಾಗ "ಆಮೇಲೆ ಅತ್ತೆ, ಒಲೆ ಮೇಲೆ ಹಾಲಿದೆ" ಎಂದು ಎದ್ದುಹೋಗುತ್ತೇವೆ. ಅದೂ ಒಂದು ಶಿಫಾರಸೇ ಎಂದು ನಮಗೆ ಹೊಳೆಯುವುದೇ ಇಲ್ಲ. ಹಾಲನ್ನು ನಾಳೆಯೂ ಕಾಯಿಸಬಹುದು. ಎಂಬತ್ತು ದಾಟಿದ ಗಂಟಲಿಗೆ ಎಷ್ಟು ನಾಳೆಗಳಿವೆಯೋ!

ಹಾಡಿಸಿಕೊಳ್ಳುವುದು ಕಷ್ಟವೇನಲ್ಲ. ಮಧ್ಯಾಹ್ನ ಊಟವಾದ ಮೇಲೆ, ಫ್ಯಾನು ಮತ್ತು ಟಿ.ವಿ. ಆರಿಸಿ, ಫೋನನ್ನು ಅವರ ಎದುರಿಗೆ ಒಂದು ಮೊಳ ದೂರದಲ್ಲಿ ಮಡಿಸಿದ ಟವೆಲ್ಲಿನ ಮೇಲಿಡಿ. ಮೊದಲು ಅವರ ಹೆಸರು, ಊರು, ಆ ಹಾಡು ಯಾರಿಂದ ಕಲಿತರು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ. ಗೌಹರ್ ಜಾನ್ ತನ್ನ ಹೆಸರು ಕೂಗಿ ಹೇಳುತ್ತಿದ್ದಳಲ್ಲ, ಹಾಗೆ! ನಡುವೆ ಮರೆತರೆ ಅವಸರ ಮಾಡಬೇಡಿ, ಕೆಮ್ಮಿದರೂ ಇರಲಿ. ಒಂದು ದಿನಕ್ಕೆ ಎರಡು ಹಾಡು ಸಾಕು. ಮುಗಿದ ಮೇಲೆ ಅವರಿಗೇ ಒಮ್ಮೆ ಕೇಳಿಸಿ. ತನ್ನ ದನಿಯನ್ನು ತಾನು ಎಂದೂ ಕೇಳಿಸಿಕೊಂಡಿರದ ಆ ಹಿರಿಯ ಜೀವದ ಮುಖ ಆಗ ನೋಡಬೇಕು. ಆಮೇಲೆ ಮಗಳಿಗೂ ಕಳಿಸಿ, "ನಿಮ್ಮಜ್ಜಿ ಹಾಡು, ಒಂದ್ಸಲ ಕೇಳಿ ನೋಡೇ" ಎಂದು ಬರೆಯಿರಿ. ಅವಳ ಹಾಡನ್ನು ನೀವು ಕೇಳಿದ್ದರೆ ನಿಮ್ಮದನ್ನು ಅವಳೂ ಕೇಳುತ್ತಾಳೆ.

ಈ ಹದಿನೈದು ದಿನಕ್ಕೆ ನಿಮಗೊಂದು ಪುಟ್ಟ ಕೆಲಸ. ಈಚೆಗೆ ನಿಮಗೆ ಯಾರು ಯಾವ ಹಾಡು ಹೇಳಿದ್ದರು, ನೆನಪು ಮಾಡಿಕೊಳ್ಳಿ. ಅದನ್ನು ಹುಡುಕಿ, ಮೂರು ಸಲ ಕೇಳಿ. ಆಮೇಲೆ ಹೇಳಿದವರಿಗೆ ಸಿಕ್ಕಾಗ, ಹಾಲಿನ ಬೂತಿನ ಹತ್ತಿರವೋ ದೇವಸ್ಥಾನದಲ್ಲೋ, "ನೀವು ಹೇಳಿದ್ದು ಕೇಳ್ದೆ ಕಣ್ರೀ" ಎಂದು ಹೇಳಿ. ಅವರ ಮುಖ ಅರಳುವುದನ್ನು ನೀವೇ ನೋಡುವಿರಿ. ಬೆನ್ನಿಗೇ ಅವರು ಕೇಳುತ್ತಾರೆ: "ಹೌದಾ! ನಿಮಗೆ ಯಾವುದು ಇಷ್ಟ, ನನಗೂ ಒಂದು ಹೇಳಿ." ಅದಕ್ಕೆ ಉತ್ತರ ಸಿದ್ಧವಾಗಿಟ್ಟುಕೊಂಡಿರಿ.